ರೈಲಿನ ಹಾಡು, ಕಿಟಕಿಯ ಹಾಡು

ನನ್ನ ಅಣ್ಣ ಕೀರ್ತಿರಾಜನಿಗೆ ಸಂಗೀತದ ಗಂಧಗಾಳಿಯೂ ಇರಲಿಲ್ಲ. ಅವನಿದ್ದಾಗಲೂ ಇದನ್ನು ಅವನ ಮುಖಕ್ಕೇ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ತೀರಿಕೊಂಡವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುವವರು ಮೊದಲು ಆ ರೈಲಿನ ಹಾಡನ್ನು ಕೇಳಲಿ, ಆಮೇಲೆ ನನಗೆ ಬುದ್ಧಿ ಹೇಳಲಿ.

ರೈಲಿನ ಹಾಡು ಎನ್ನುವುದು ಅದರ ನಿಜವಾದ ಹೆಸರಲ್ಲ. ತೊಂಬತ್ತೆರಡರಲ್ಲಿ, ಮಸ್ಕತ್ತಿನಲ್ಲಿ ಕ್ರೇನ್ ನಡೆಸುತ್ತಿದ್ದ ನಮ್ಮ ಐತಪ್ಪ ಮಾವ ರಜೆಯಲ್ಲಿ ಉಡುಪಿಗೆ ಬಂದಾಗ ಸೆಂಟು, ಸೋಪುಗಳ ಜೊತೆ ಒಂದು ಕ್ಯಾಸೆಟ್ ತಂದಿದ್ದರು. ಅವರ ರೂಮಿನಲ್ಲಿದ್ದ ಪಾಕಿಸ್ತಾನದವನೊಬ್ಬ ತನಗೆ ಇಷ್ಟವಾದ ಪಾಪ್ ಹಾಡುಗಳನ್ನು ತುಂಬಿಸಿ ಕೊಟ್ಟಿದ್ದನಂತೆ. ಮೇಲೆ ಹಾಡಿನ ಹೆಸರಿಲ್ಲ, ಹಾಡಿದವರ ಹೆಸರೂ ಇಲ್ಲ. ಅಣ್ಣನಿಗೆ ಆಗ ಹದಿನೇಳು, ನನಗೆ ಹನ್ನೆರಡು. ಉರ್ದು ಇಬ್ಬರಿಗೂ ಬಾರದು. ಹಾಗಾಗಿ ಕೇಳಿದಾಗ ಏನು ಕಂಡಿತೋ ಅದನ್ನೇ ಹೆಸರಾಗಿ ಇಟ್ಟೆವು. ಡ್ರಮ್ಮು ದಡದಡ ಎನ್ನುವುದು ರೈಲಿನ ಹಾಡು. ಒಬ್ಬ ಗಂಡಸು ಯಾರೂ ಬಾರದ ದಾರಿಯನ್ನು ನೋಡಿಕೊಂಡು ಹಾಡಿದಂತೆ ಇರುವುದು ಕಿಟಕಿಯ ಹಾಡು. ಮಳೆ ಹಾಡು, ಸಿಟ್ಟಿನ ಹಾಡು, ಅಕ್ಕನ ಹಾಡು ಎಂದು ಉಳಿದವುಗಳಿಗೂ ಹೆಸರು ಬಿತ್ತು. ಮುಂದೆ ನಿಜವಾದ ಹೆಸರುಗಳು ತಿಳಿದವು. ಆದರೆ ನಮ್ಮಲ್ಲಿ ಅವು ಬಳಕೆಗೆ ಬರಲೇ ಇಲ್ಲ.

ಆ ವರ್ಷದ ದೀಪಾವಳಿಯ ದಿನ ಊಟವಾದ ಮೇಲೆ ಅಣ್ಣ ಒಂದು ಕಾಗದದಲ್ಲಿ ಒಂದರಿಂದ ಹತ್ತರವರೆಗೆ ಬರೆದು, ಪಾಕಿಸ್ತಾನದ ಅತ್ಯುತ್ತಮ ಪಾಪ್ ಹಾಡುಗಳನ್ನು ಇಬ್ಬರೂ ಸೇರಿ ತೀರ್ಮಾನಿಸೋಣ ಎಂದ. ಮೂರರಿಂದ ಹತ್ತರವರೆಗೆ ಹೇಗೋ ಒಪ್ಪಿಗೆಯಾಯಿತು. ಒಂದನೇ ಜಾಗಕ್ಕೆ ಅವನು ರೈಲು ಎಂದ, ನಾನು ಕಿಟಕಿ ಎಂದೆ, ರೈಲು ಎರಡನೇದು ಎಂದೆ. ಅಮ್ಮ ಬಂದು ಇಬ್ಬರಿಗೂ ಬೈದು ಕಾಗದ ಕಿತ್ತುಕೊಂಡಳು. ಅಲ್ಲಿಂದ ಪ್ರತಿ ದೀಪಾವಳಿಗೂ ಇದೇ ಪದ್ಧತಿ. ಅವನು ಕ್ಲಾಂಗ್ ಬಂದರಿನಲ್ಲಿ ಕಂಟೇನರ್ ಕಂಪನಿಯೊಂದರ ಕೆಲಸಕ್ಕೆಂದು ಮಲೇಷ್ಯಾಕ್ಕೆ ಹೋದ ಮೇಲೆ ಫೋನಿನಲ್ಲಿ ನಡೆಯಿತು. ನಾನೂ ಅದೇ ದೇಶದ ನಿಲಾಯ್‌ಗೆ ವೈದ್ಯಕೀಯ ಕಾಲೇಜಿನಲ್ಲಿ ರೇಡಿಯಾಲಜಿ ಕಲಿಸಲು ಬಂದ ಮೇಲೆ ಅವನ ಮನೆಯ ಹಾಲಿನಲ್ಲಿ, ಹಡಗಿನ ಚಿತ್ರವಿರುವ ಅವನ ಆಫೀಸಿನ ಕ್ಯಾಲೆಂಡರಿನ ಹಾಳೆಯ ಹಿಂದುಗಡೆ ನಡೆಯಿತು. ಹೊಸ ಹಾಡುಗಳು ಬಂದವು, ಹಳೆಯವು ಕೆಳಗಿಳಿದವು. ಹತ್ತನೇ ಜಾಗವನ್ನು ಅವನ ಮಗಳು ಸಮೀಕ್ಷಾಳಿಗೆ ಬಿಟ್ಟುಕೊಟ್ಟೆವು. ಮೊದಲೆರಡು ಜಾಗಗಳು ಮಾತ್ರ ಇಪ್ಪತ್ತೊಂಬತ್ತು ವರ್ಷ ಖಾಲಿಯೇ ಇದ್ದವು.

ಅವನ ವಾದ ಇಷ್ಟೇ: ಹಾಡು ಕೇಳಿದರೆ ಕೂತವನು ಏಳಬೇಕು. ನನ್ನ ವಾದ: ನಿಂತವನು ಕೂರಬೇಕು. ಕಿಟಕಿಯ ಹಾಡಿನಲ್ಲಿ ಕೊನೆಯ ಸಾಲಿಗೆ ಮುಂಚೆ ಹಾಡುಗಾರ ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ. ಆ ಉಸಿರಿಗಾಗಿಯೇ ನಾನು ಆ ಹಾಡನ್ನು ಮತ್ತೆ ಮತ್ತೆ ಹಾಕುತ್ತಿದ್ದೆ. ಅಣ್ಣ ಮಾತ್ರ, ಉಸಿರು ಹಿಡಿಯಲು ಬಾರದವನಿಗೆ ಒಂದನೇ ಜಾಗವೇ ಎಂದು ಹಂಗಿಸುತ್ತಿದ್ದ. ನಮ್ಮ ವಿಭಾಗದಲ್ಲಿದ್ದ ಲಾಹೋರಿನ ಡಾಕ್ಟರಮ್ಮ ಒಮ್ಮೆ ಪಟ್ಟಿ ನೋಡಿ, ಇವೆರಡೂ ತಮ್ಮ ಊರಿನಲ್ಲಿ ಮೊದಲ ಐವತ್ತರಲ್ಲೂ ಬರುವುದಿಲ್ಲ ಎಂದು ನಕ್ಕುಬಿಟ್ಟರು. ಆ ಒಂದು ದಿನ ಮಾತ್ರ ಅಣ್ಣನೂ ನಾನೂ ಒಂದೇ ಪಕ್ಷ.

ನಮ್ಮಲ್ಲಿ ಒಂದು ನಿಯಮವಿತ್ತು. ಅದು ಹುಟ್ಟಿದ್ದು ನಾನು ಗಂಡನಿಂದ ಬೇರೆಯಾದ ವರ್ಷ. ಆ ದೀಪಾವಳಿಗೆ ನಾನು ಊಟದ ತಟ್ಟೆಯ ಮುಂದೆ ಅಳುವುದನ್ನು ಅಣ್ಣ ನೋಡಿದ್ದ. ಹಾಳೆ ಹಿಡಿದು ಕೂತವನು ಜಗಳವನ್ನೇ ತೆಗೆಯದೆ ಒಂದನೇ ಜಾಗದಲ್ಲಿ ಕಿಟಕಿಯ ಹಾಡು ಎಂದು ಬರೆದ. ನನಗೆ ಮೈಯೆಲ್ಲ ಉರಿಯಿತು. ಕನಿಕರಪಡುವಷ್ಟು ಪಾಪದವಳಾಗಿಬಿಟ್ಟೆನೇ ನಾನು ಎನಿಸಿತು. ಹಾಳೆಯನ್ನು ಹರಿದು ಚೂರು ಮಾಡಿದೆ. ಅವನು ಇನ್ನೊಂದು ಹಾಳೆ ತಂದು ತಲೆಬರಹದ ಹಾಗೆ ಬರೆದ: ಕನಿಕರಪಟ್ಟು ಒಪ್ಪುವ ಹಾಗಿಲ್ಲ. ಕೆಳಗೆ ಇಬ್ಬರೂ ಸಹಿ ಹಾಕಿದೆವು. ಅಳುತ್ತಿದ್ದವಳು ಆ ಸಂಜೆ ಅವನೊಂದಿಗೆ ಗಂಟೆಗಟ್ಟಲೆ ಜಗಳವಾಡಿದೆ. ಅದಾಗಿ ಎಷ್ಟೋ ತಿಂಗಳ ಮೇಲೆ, ಆ ಜಗಳವೇ ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದು ಎಂದು ತಿಳಿಯಿತು.

ಇಪ್ಪತ್ತೊಂದರ ಜುಲೈ ಮೂರನೇ ವಾರದಲ್ಲಿ ಅಣ್ಣನಿಗೆ ಕೋವಿಡ್ ಬಂತು. ಆ ವಾರಗಳಲ್ಲಿ ಕ್ಲಾಂಗಿನ ಕಡೆ ಮನೆಮನೆಗೂ ಅದೇ. ಎಂಟನೇ ದಿನ ಉಸಿರು ಸಾಲದೆ ಆಸ್ಪತ್ರೆಗೆ ಸೇರಿಸಿದರು. ರತ್ನತ್ತಿಗೆಗೂ ಸಮೀಕ್ಷಾಳಿಗೂ ಕೈಗೆ ಕ್ವಾರಂಟೈನಿನ ಗುಲಾಬಿ ಪಟ್ಟಿ ಕಟ್ಟಿ ಮನೆಯೊಳಗೇ ಇರಿಸಿದ್ದರು. ನಿಲಾಯ್‌ನಿಂದ ಕ್ಲಾಂಗಿಗೆ ಕಾರಿನಲ್ಲಿ ಒಂದು ಗಂಟೆಯ ದಾರಿ, ಆದರೆ ಲಾಕ್‌ಡೌನಿನಲ್ಲಿ ರಾಜ್ಯದ ಗಡಿ ದಾಟುವಂತಿರಲಿಲ್ಲ. ಪೊಲೀಸರ ಪತ್ರ ಸಿಕ್ಕಿದ್ದರೂ ವಾರ್ಡಿನೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ನಮಗೆಲ್ಲ ಉಳಿದದ್ದು ಫೋನೊಂದೇ.

ಮೊದಲ ದಿನವೇ ಅತ್ತಿಗೆ ನನ್ನಿಂದ ಮಾತು ತೆಗೆದುಕೊಂಡರು.

"ಶುಕ್ರವಾರ ಮನೆಗೆ ಬರ್ತೇನೆ ಅಂತ ಧೈರ್ಯದಲ್ಲಿದ್ದಾರೆ ಸುಗಂಧಿ. ನೀನು ಡಾಕ್ಟರ್, ನಿಂಗೆ ಎಲ್ಲ ಗೊತ್ತಾಗ್ತದೆ. ಏನೇ ಗೊತ್ತಾದ್ರೂ ಅವ್ರ ಹತ್ರ ಹೇಳ್ಬೇಡ. ಆ ಧೈರ್ಯ ಒಂದು ಇರ್ಲಿ."

ಹೇಳುವುದಿಲ್ಲ ಎಂದೆ. ಸುಳ್ಳು ಹೇಳುವುದು ನನಗೆ ಅಷ್ಟೇನೂ ಕಷ್ಟವಾಗಲಿಲ್ಲ. ಆಕ್ಸಿಜನ್ ಹೆಚ್ಚಿಸಿದರೆ ಶ್ವಾಸಕೋಶಕ್ಕೆ ವಿಶ್ರಾಂತಿ ಎಂದೆ. ಕವುಚಿ ಮಲಗಿಸಿದರೆ ಅದು ಎಲ್ಲರಿಗೂ ಮಾಡುವುದು ಎಂದೆ. ಅಣ್ಣ ನಂಬಿದ. ಹಡಗಿನ ಲೆಕ್ಕ ಬಿಟ್ಟರೆ ಅವನಿಗೆ ಬೇರೇನೂ ಗೊತ್ತಿರಲಿಲ್ಲ.

ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಅವನ ಫೋನು ಬರುತ್ತಿತ್ತು. ಎರಡು ಮಾತು ಆರೋಗ್ಯದ್ದು, ಉಳಿದದ್ದು ಜಗಳ. ದೀಪಾವಳಿಗೆ ಇನ್ನೂ ಮೂರು ತಿಂಗಳಿದ್ದರೂ ಈ ಸಲ ಬೇಗ ಶುರು ಮಾಡಿದ್ದೆವು. ಪಕ್ಕದ ಹಾಸಿಗೆಯ ತಮಿಳು ಮುದುಕರಿಗೆ ರೈಲಿನ ಹಾಡು ಕೇಳಿಸಿದೆನೆಂದೂ ಅವರು ಕಾಲು ಆಡಿಸಿದರೆಂದೂ ಹೆಮ್ಮೆಯಿಂದ ಹೇಳಿದ. ಸೊಳ್ಳೆ ಕಚ್ಚಿರಬೇಕು ಎಂದೆ. ಅವನು ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲುವವರೆಗೆ ನಾನು ಕಾದೆ. ಆಮೇಲೆ, ಆ ಕಿಟಕಿ ಹಾಡಿನವನ ಕಷ್ಟ ಈಗ ತನಗೆ ಅರ್ಥವಾಗುತ್ತಿದೆ ಎಂದ. ಹಾಗಾದರೆ ಒಪ್ಪು ಎಂದೆ. ಉಸಿರು ಸಾಲದಿದ್ದರೂ ಬುದ್ಧಿ ನೆಟ್ಟಗಿದೆ ಎಂದ.

ಆ ಆಸ್ಪತ್ರೆಯಲ್ಲಿ ನನ್ನ ಜೊತೆ ಮಣಿಪಾಲದಲ್ಲಿ ಓದಿದ ಜಯಕರ ಕೆಲಸದಲ್ಲಿದ್ದ. ಆಗಸ್ಟಿನ ಮೊದಲ ಮಂಗಳವಾರ ಹನ್ನೆರಡು ಗಂಟೆಗೆ ಅವನು ಎಕ್ಸ್‌ರೇ ಕಳಿಸಿದ. ಎದೆಯ ಎಕ್ಸ್‌ರೇಯಲ್ಲಿ ಗಾಳಿ ಇರುವ ಜಾಗ ಕಪ್ಪಗಿರಬೇಕು. ವಿದ್ಯಾರ್ಥಿಗಳಿಗೆ ಮೊದಲ ತರಗತಿಯಲ್ಲೇ ನಾನು ಅದನ್ನು ಕಲಿಸುತ್ತೇನೆ. ಅಣ್ಣನ ಎದೆಯಲ್ಲಿ ಎರಡೂ ಬದಿ ಹಾಲು ಚೆಲ್ಲಿದ ಹಾಗೆ ಬಿಳಿ. ಇನ್ನೊಂದು ಗಂಟೆಯಲ್ಲಿ ಗಂಟಲಿಗೆ ಟ್ಯೂಬ್ ಹಾಕುತ್ತೇವೆ, ಆಸೆ ಹೆಚ್ಚಿಲ್ಲ ಎಂದು ಜಯಕರ ಕೆಳಗೆ ಬರೆದಿದ್ದ.

ನಾನದನ್ನು ನೋಡುತ್ತಿದ್ದಾಗಲೇ ಅಣ್ಣನ ಫೋನು ಬಂತು. ಎರಡು ದಿನ ನಿದ್ದೆ ಮಾಡಿಸುತ್ತಾರಂತೆ, ಶುಕ್ರವಾರದ್ದು ಮುಂದಿನ ಶುಕ್ರವಾರಕ್ಕೆ ಹೋಯಿತು, ಅಷ್ಟೇ ಎಂದ. ಒಂದೊಂದು ಮಾತಿನ ನಡುವೆಯೂ ಉಸಿರು. ಎದ್ದ ಮೇಲೆ ನಿನ್ನನ್ನು ವಿಚಾರಿಸಿಕೊಳ್ಳುತ್ತೇನೆ, ರೈಲು ತಯಾರಿದೆ ಎಂದ. ಅದಕ್ಕೆ ನಾನು ಆಡಬೇಕಾಗಿದ್ದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ರೈಲಿನ ಹಾಡು ಎರಡನೇದೇ ಎಂದು ಇಪ್ಪತ್ತೊಂಬತ್ತು ವರ್ಷ ಆಡಿದ ಮಾತು. ಆದರೆ ಅವನು ಸೋತು ಮಲಗುವುದು ಬೇಡ, ಒಂದು ಸಲವಾದರೂ ಗೆದ್ದು ಮಲಗಲಿ ಎನಿಸಿತು. ಪ್ರೀತಿಯಿಂದಲೇ ಎನಿಸಿತು, ದೇವರಾಣೆ.

"ಅಣ್ಣ, ರೈಲಿನ ಹಾಡೇ ಒಂದನೇದು. ನಾನು ಒಪ್ಪಿದೆ."

ಆಕ್ಸಿಜನ್ನಿನ ಸದ್ದು ಮಾತ್ರ ಕೇಳುತ್ತಿತ್ತು.

"ಎಕ್ಸ್‌ರೇ ನೋಡಿದ್ಯಾ?" ಎಂದ.

"ಇಲ್ಲ ಅಣ್ಣ."

"ಅಷ್ಟು ಹಾಳಾಗಿದೆಯಾ?"

ನಾನು ಇಲ್ಲ ಇಲ್ಲ ಎಂದೆ. ನನಗೇ ನಂಬಿಕೆ ಬಾರದಂಥ ದನಿಯಲ್ಲಿ ನಾಲ್ಕು ಸಲ ಎಂದೆ. ಎಷ್ಟು ದಿನ ವೈದ್ಯಕೀಯದ ಸುಳ್ಳು ಹೇಳಿದರೂ ಸಿಕ್ಕಿಬೀಳದವಳು ಒಂದು ಹಾಡಿನಲ್ಲಿ ಸಿಕ್ಕಿಬಿದ್ದಿದ್ದೆ.

"ಆಯ್ತು ಮಾರಾಯ್ತಿ," ಎಂದ ಅಣ್ಣ, ಮೆತ್ತಗೆ. "ಇಡ್ತೇನೆ. ರತ್ನಂಗೆ ಫೋನ್ ಮಾಡ್ಬೇಕು."

ಫೋನನ್ನು ಮೇಜಿನ ಡ್ರಾಯರಿನಲ್ಲಿಟ್ಟು ಸ್ನಾನದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ನಲ್ಲಿ ಬಿಟ್ಟು ಅತ್ತೆ. ಹೊರಗೆ ಬಂದಾಗ ಒಂದೂ ಮುಕ್ಕಾಲು. ಫೋನಿನಲ್ಲಿ ಅವನ ಎರಡು ಮೆಸೇಜುಗಳಿದ್ದವು. ಮೊದಲನೆಯದು: "ಒಪ್ಪಿದ್ದು ವಾಪಸ್ ತಗೋ. ಜಗಳ ಇನ್ನೂ ಉಂಟು." ಹತ್ತು ನಿಮಿಷ ಬಿಟ್ಟು ಎರಡನೆಯದು: "ಎಲ್ಲಿದ್ದೀ?"

ತಕ್ಷಣ ಫೋನ್ ಮಾಡಿದೆ. ಎತ್ತುವವರಿರಲಿಲ್ಲ. ಆಗಷ್ಟೇ ಮಲಗಿಸಿದೆವು ಎಂದು ಜಯಕರ ತಿಳಿಸಿದ.

ಮಲಗಿಸಿದ ಒಂಬತ್ತನೇ ದಿನ ಅಣ್ಣ ಹೋದ. ದಹನಕ್ಕೆ ಯಾರನ್ನೂ ಬಿಡಲಿಲ್ಲ. ಬಿಳಿ ಉಡುಪು ತೊಟ್ಟವರು ಪೆಟ್ಟಿಗೆಯನ್ನು ಒಳಗೆ ಸಾಗಿಸುವುದನ್ನು ಫೋನಿನಲ್ಲಿ ನೋಡಿದೆ. ಅಕ್ಟೋಬರಿನಲ್ಲಿ ರಾಜ್ಯದ ಗಡಿಗಳನ್ನು ತೆರೆದರು. ಆದರೂ ನಾನು ಕ್ಲಾಂಗಿಗೆ ಹೋಗಲಿಲ್ಲ. ಪರೀಕ್ಷೆ, ಮೌಲ್ಯಮಾಪನ ಎಂದೆಲ್ಲ ಅತ್ತಿಗೆಗೆ ನೆವ ಹೇಳಿದೆ. ನಿಜವೆಂದರೆ ಹೆದರಿಕೆ. ದೀಪಾವಳಿಯ ದಿನ ಮಾತ್ರ ಮನೆಯಲ್ಲಿ ಕೂರಲಾಗಲಿಲ್ಲ.

ಹಬ್ಬವಿಲ್ಲದ ಮನೆಯಲ್ಲಿ ಅತ್ತಿಗೆ ಅನ್ನ, ಸಾರು ಮಾಡಿದ್ದರು. ಸಮೀಕ್ಷಾ ನನ್ನನ್ನು ತಬ್ಬಿಕೊಂಡು, "ಯು ಲುಕ್ ಸೋ ಥಿನ್, ಅತ್ತೆ," ಎಂದಳು. ಗೋಡೆಯ ಕಪಾಟಿನಲ್ಲಿ ಅಣ್ಣನ ಫೋನು ಚಾರ್ಜಿಗೆ ಹಾಕಿತ್ತು. ಆಸ್ಪತ್ರೆಯವರು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕೊಟ್ಟಾಗಿನಿಂದ ಒಂದು ದಿನವೂ ಅದು ಆರಲು ಸಮೀಕ್ಷಾ ಬಿಟ್ಟಿಲ್ಲವಂತೆ.

ಊಟವಾದ ಮೇಲೆ ಅವಳು ತಟ್ಟೆ ತೊಳೆಯಲು ಒಳಗೆ ಹೋದಳು. ಅತ್ತಿಗೆ ನನ್ನ ಎದುರು ಕೂತರು. ಕೊನೆಯ ದಿನ ಅಣ್ಣ ತಮಗೆ ಫೋನ್ ಮಾಡಿ ಹೇಳಿದ್ದನ್ನೆಲ್ಲ ಹೇಳಿದರು. ಮಗಳನ್ನು ಏನು ಓದಿಸಬೇಕು, ಊರಿನಲ್ಲಿ ಯಾರಿಗೆ ತಿಳಿಸಬೇಕು, ಯಾವತ್ತೋ ಆಡಿದ ಒಂದು ಮಾತಿಗೆ ಕ್ಷಮೆ. ಹೇಳುತ್ತ ಹೇಳುತ್ತ ಅಣ್ಣ ಅತ್ತನಂತೆ. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಅವನು ಅತ್ತದ್ದನ್ನು ತಾನು ಕೇಳಿದ್ದು ಅದೊಂದೇ ಸಲ ಎಂದರು.

"ಬೆಳಿಗ್ಗೆ ಶುಕ್ರವಾರ ಬರ್ತೇನೆ ಅಂದವ್ರು ಮಧ್ಯಾಹ್ನ ಹಾಗೆ ಮಾತಾಡಿದ್ರು. ಯಾರು ಹೇಳಿದ್ದು ಅಂತ ನಂಗೆ ಗೊತ್ತಾಗ್ಲಿಲ್ಲ. ಆಮೇಲೆ ಫೋನಲ್ಲಿ ನಿಂಗೆ ಕಳಿಸಿದ್ದು ಓದಿದೆ. ಒಪ್ಪಿದ್ದು ವಾಪಸ್ ತಗೋ ಅಂದ್ರೆ ಎಂತ?"

ಮುಚ್ಚಿಡದೆ ಎಲ್ಲವನ್ನೂ ಹೇಳಿದೆ. ಎಕ್ಸ್‌ರೇ, ಹಾಡು, ನಿಯಮ, ನಲ್ಲಿ ಬಿಟ್ಟು ಅತ್ತದ್ದು. ಅತ್ತಿಗೆ ಬೈಯಬಹುದು ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಟೇಬಲ್ಲಿನ ಮೇಲೆ ಬಿದ್ದಿದ್ದ ಅನ್ನದ ಅಗುಳೊಂದನ್ನು ಬೆರಳಿನಿಂದ ಎತ್ತಿ ಪಕ್ಕಕ್ಕಿಟ್ಟರು.

"ಹಾಗಾದ್ರೆ ಅವ್ರು ಆ ಧೈರ್ಯ ವಾಪಸ್ ಕೇಳಿದ್ದು," ಎಂದರು. "ನಿನ್ನ ಹತ್ರ."

ನಾನು ಹೌದು ಎಂದೆ. ಅಷ್ಟು ದಿನ ನನಗೆ ನಾನೇ ಹೇಳಿಕೊಳ್ಳಲಾಗದಿದ್ದುದನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು. ನಾನೊಮ್ಮೆ ಜಗಳಕ್ಕೆ ನಿಂತಿದ್ದರೆ ಅವನು ಮುಂದಿನ ಶುಕ್ರವಾರವನ್ನು ನಂಬಿಕೊಂಡೇ ಕಣ್ಣು ಮುಚ್ಚುತ್ತಿದ್ದ. ಎಲ್ಲಿದ್ದೀ ಎಂದು ಕೇಳಿ, ಉತ್ತರವಿಲ್ಲದ ಫೋನನ್ನು ನೋಡುತ್ತಲೇ ಅಣ್ಣ ಟ್ಯೂಬಿಗೆ ಬಾಯಿ ತೆರೆದಿದ್ದ.

ಕೈಯಲ್ಲಿ ನನ್ನ ಫೋನಿತ್ತು. ಅವನ ಹೆಸರು ತೆರೆದೆ. ಎಲ್ಲಿದ್ದೀ ಎಂಬುದರ ಕೆಳಗೆ ಟೈಪ್ ಮಾಡಿದೆ: "ವಾಪಸ್ ತಗೊಂಡೆ. ರೈಲಿನ ಹಾಡು ಎರಡನೇದೇ."

ಕಪಾಟಿನಲ್ಲಿ ಅಣ್ಣನ ಫೋನು ಟಿಂಗ್ ಎಂದಿತು. ಅಡುಗೆಮನೆಯಲ್ಲಿ ನೀರಿನ ಸದ್ದು ನಿಂತಿತು. ಅತ್ತಿಗೆ ಎದ್ದು ಹೋಗಿ ಫೋನನ್ನು ತೆಗೆದುಕೊಂಡು, ಕನ್ನಡಕವಿಲ್ಲದೆ ದೂರ ಹಿಡಿದು ಓದಿದರು. ಬಹಳ ಹೊತ್ತು ಓದಿದರು. ಆಮೇಲೆ ಅದನ್ನು ಇದ್ದಲ್ಲೇ ಇಟ್ಟು, ಸಡಿಲವಾಗಿದ್ದ ಚಾರ್ಜರಿನ ವೈರನ್ನು ಒತ್ತಿ ಸರಿಮಾಡಿದರು.

"ಮೂರು ತಿಂಗ್ಳು ತಡ ಆಯ್ತು, ಸುಗಂಧಿ," ಎಂದರು.