ಇಪ್ಪತ್ತೆರಡನೇ ನಡೆಯ ಕೆಂಪು ಗುರುತು

ಅಂಧೇರಿಯಲ್ಲಿ ವಡಾಲದ ಲೋಕಲ್ ಹತ್ತಿದಾಗ ಯಕ್ಷಿತಾಳಿಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಖುಷಿಯಿಂದ ಫೋನ್ ತೆಗೆದು, ವಡಾಲದ ಕನ್ನಡ ಸಂಘದ ಚೆಸ್ ಕ್ಲಾಸಿನಲ್ಲಿ ತಾನು ಇಂದು ವಿವರಿಸಬೇಕಿದ್ದ ಆಟವನ್ನು ತೆರೆದಳು. ಅಜ್ಜಂದಿರ ಕಾಲದ, ಎಲ್ಲರೂ ಹೊಗಳುವ ಆಟ. ಇಪ್ಪತ್ತೆರಡನೇ ನಡೆಯಲ್ಲಿ ಬಿಳಿ ಕಾಯಿಗಳ ಗ್ರಾಂಡ್‌ಮಾಸ್ಟರ್ ತನ್ನ ಆನೆಯನ್ನು ಸುಮ್ಮನೆ ಬಲಿ ಕೊಡುತ್ತಾನೆ. ಅದರ ಮೇಲೆ ಕೆಂಪು ಗುರುತು ಹಾಕಿ, ದೊಡ್ಡ ತಪ್ಪು ಎಂದು ತೋರಿಸಿದ್ದು ಫೋನಿನ ಚೆಸ್ ಆ್ಯಪ್. ಅದನ್ನು ಕ್ಲಾಸಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಹಾಕಿ ಮೆರೆದದ್ದು ಯಕ್ಷಿತಾ.

ಕೋಚ್ ಮೋನಪ್ಪ ಮಾಸ್ಟ್ರು ಉತ್ತರ ಬರೆದಿದ್ದರು: "ಭಾನುವಾರ ಎಲ್ಲರೆದುರು ತೋರಿಸು. ಟೀಮಿನ ಕೊನೆಯ ಜಾಗ ನಿನಗೋ ತಿಲಕನಿಗೋ, ಆಮೇಲೆ ಹೇಳ್ತೇನೆ."

ಬ್ಯಾಟರಿ ಉಳಿಸಲೆಂದು ಯಾವಾಗಲೂ ಆ್ಯಪನ್ನು ಎರಡು ಕ್ಷಣ ಓಡಿಸಿ ಮುಚ್ಚುವವಳು, ಇಂದು ಹಾಗೇ ಓಡಲು ಬಿಟ್ಟಳು. ಬಾಂದ್ರಾ ದಾಟುವಾಗ ಆನೆಯ ಮೇಲಿದ್ದ ಕೆಂಪು ಗುರುತು ಹೋಯಿತು. ಮಾಹಿಮ್ ಬರುವಷ್ಟರಲ್ಲಿ ಅಲ್ಲಿ ಹಸಿರು ಬಂತು. ಪುರುಸೊತ್ತಿನಲ್ಲಿ ಲೆಕ್ಕ ಹಾಕಿದ ಆ್ಯಪ್ ಈಗ ಹೇಳುತ್ತಿತ್ತು: ಇದಕ್ಕಿಂತ ಒಳ್ಳೆಯ ನಡೆ ಇಲ್ಲ.

ಯಕ್ಷಿತಾ ನಂಬದೆ ಆ್ಯಪ್ ಮುಚ್ಚಿದಳು. ಮತ್ತೆ ಮೊದಲಿನಿಂದ ಓಡಿಸಿದಳು. ಮತ್ತೆ ಹಸಿರೇ. ವಡಾಲದಲ್ಲಿ ಇಳಿಯದೆ ಮುಂದಕ್ಕೆ ಹೋಗಿಬಿಡೋಣವೆನಿಸಿತು. ಹಿಂದಿದ್ದ ಹೆಂಗಸರ ನೂಕಾಟ ಅವಳನ್ನು ಪ್ಲ್ಯಾಟ್‌ಫಾರ್ಮಿಗೆ ಇಳಿಸಿತು.

ಸಂಘದ ಹಾಲ್‌ನ ಬಾಗಿಲಲ್ಲೇ ತಿಲಕ್ ಸಿಕ್ಕಿದ. "ಆವೋ ಮ್ಯಾಡಂ, ಗ್ರಾಂಡ್‌ಮಾಸ್ಟರ್‌ಗೆ ಚೆಸ್ ಕಲಿಸುವವರು. ನಾನು ಕೂಡ ಆ ಆಟ ಲ್ಯಾಪ್‌ಟಾಪ್‌ನಲ್ಲಿ ಹಾಕಿ ನೋಡಿದೆ."

"ಕ್ಯಾ ನಿಕ್ಲಾ? ಏನು ಬಂತು?"

"ನೀನೇ ಹೇಳು, ಎಲ್ಲರ ಮುಂದೆ."

ಯಕ್ಷಿತಾ ಅವನ ಮುಖ ನೋಡಿದಳು. ಇವನಿಗೆ ಗೊತ್ತಾಗಿದೆ.

ಮಾಸ್ಟ್ರು ಬಾಗಿಲಲ್ಲಿ ಬುಟ್ಟಿ ಹಿಡಿದು ಎಲ್ಲರ ಫೋನ್ ಹಾಕಿಸಿಕೊಂಡರು. ಯಕ್ಷಿತಾ ಗೋಡೆಯ ದೊಡ್ಡ ಬೋರ್ಡಿನ ಮುಂದೆ ಹೋದಳು. ಒಂದೊಂದೇ ನಡೆ ಆಡಿಸುತ್ತ ಬಂದು, ಇಪ್ಪತ್ತೊಂದಕ್ಕೆ ನಿಂತಳು.

"ಎಂತ ಮಾರಾಯ್ತಿ, ನಿಂತದ್ದು? ತಪ್ಪು ತೋರಿಸು."

"ಸರ್, ಆನೆ ಕೊಟ್ಟದ್ದು ತಪ್ಪಲ್ಲ. ನನ್ನದೇ ಗಲತಿ. ಆ್ಯಪ್‌ಗೆ ಟೈಮ್ ಕೊಡ್ಲಿಲ್ಲ ನಾನು."

ಹಿಂದಿನ ಬೆಂಚಿನಿಂದ ನಗು ಬಂತು. ಮಾಸ್ಟ್ರು ನಗಲಿಲ್ಲ.

"ಹಾಗಾದ್ರೆ ಕಪ್ಪು ಸೋತದ್ದು ಎಲ್ಲಿ? ಆ್ಯಪ್ ಇಲ್ಲದೆ ಹೇಳು."

ಯಕ್ಷಿತಾ ಬೋರ್ಡಿನತ್ತ ತಿರುಗಿದಳು. ಓಡಿಹೋಗಬೇಕು, ಬಾಗಿಲು ಯಾವ ಕಡೆಗಿತ್ತು? ಆಗಲೇ ಕಪ್ಪು ಕುದುರೆ ಕಣ್ಣಿಗೆ ಬಿತ್ತು. ನಡುವಿನ ಒಳ್ಳೆಯ ಜಾಗ ಬಿಟ್ಟು ರಾಜನ ಪಕ್ಕ ಮುದುರಿ ಕೂತಿತ್ತು. ಇದೀಗ ಆಡಿಸಿದ ನಡೆಯಲ್ಲಷ್ಟೇ ಅದು ಅಲ್ಲಿಗೆ ಬಂದದ್ದು. ನಡುವಿನಲ್ಲಿದ್ದಾಗ ಯಾವ ಕಾಯಿಯೂ ಅದನ್ನು ಬೆದರಿಸಿರಲಿಲ್ಲ.

"ಇಪ್ಪತ್ತೊಂದರಲ್ಲಿ ಸರ್. ಆನೆ ಬರುವ ಮೊದಲೇ ಕಪ್ಪಿನವ ಹೆದರಿದ್ದಾನೆ. ಹೆದರಿ ಕುದುರೆ ವಾಪಸ್ ತಂದ. ಅದು ನಡುವಲ್ಲೇ ಇದ್ದಿದ್ರೆ ಆನೆ ಕೊಡ್ಲಿಕ್ಕೆ ಆಗ್ತಿರ್ಲಿಲ್ಲ."

"ನಿನಗೆ ಹೇಗೆ ಗೊತ್ತು, ಹೆದರಿದ್ದಾನೆ ಅಂತ?"

"ನನಗೂ ಈಗ ಅಮ್ಮನ ಹತ್ರ ಓಡಿ ಹೋಗುವ ಅನಿಸ್ತಾ ಉಂಟು ಸರ್."

ಈ ಸಲ ಮಾಸ್ಟ್ರಿಗೂ ನಗು ಬಂತು. "ಸರಿ. ಕುದುರೆಯನ್ನು ಅದರ ಜಾಗದಲ್ಲಿ ಇಡು. ಅಲ್ಲಿಂದ ಮುಂದೆ ತಿಲಕ ಬಿಳಿ, ನೀನು ಕಪ್ಪು. ಗೆದ್ದವರಿಗೆ ಜಾಗ."

ಯಕ್ಷಿತಾ ಕುದುರೆ ಎತ್ತಿದಳು. ಬೆರಳಿನಿಂದ ಜಾರಿ ಅದು ನೆಲಕ್ಕೆ ಬಿತ್ತು. ತಿಲಕ್ ಬಗ್ಗಿ ಎತ್ತಿ ಕೊಟ್ಟ. ಅವನ ಅಂಗೈ ಬೆವರಿ ಒದ್ದೆಯಾಗಿತ್ತು.

ಅವಳು ಕುದುರೆಯನ್ನು ನಡುವಿಗೆ ತಂದು ಇಟ್ಟಳು.