ಸೊಣ್ಣಮ್ಮನ ಬಾವಿಯ ಸಾಲಿಗ್ರಾಮ

ಪಟೇಲ್ ಆದಿನಾರಾಯಣಪ್ಪನವರ ಜಗಲಿಯ ಮೇಲೆ ಬಾಳೆಲೆ ಹಾಸಿ ಕಲ್ಲನ್ನು ಇಟ್ಟಿದ್ದರು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಕಪ್ಪಗೆ, ನುಣ್ಣಗೆ ಇತ್ತು. ಒಂದು ಮಗ್ಗುಲಲ್ಲಿ ಬಾಯಿ ತೆರೆದಂತೆ ಒಂದು ತೂತು, ಅದರೊಳಗೆ ಸುರುಳಿ. ನಾನು ಶಾಲೆ ಬಿಟ್ಟು ಬರುವ ಹೊತ್ತಿಗೆ ಅರ್ಧ ಊರು ಅಲ್ಲಿ ನೆರೆದಿತ್ತು.

“ಸೊಣ್ಣಮ್ಮ ತೋಡಿಸ್ತಿರೋ ಬಾವೀಲಿ ಸಿಕ್ತು ಮೇಷ್ಟ್ರೆ,” ಅಂದರು ಪಟೇಲರು. “ಮೂರಾಳು ಆಳದಲ್ಲಿ. ಸಾಲಿಗ್ರಾಮ ಕಣ್ರೀ. ಸ್ವಾಮಿ ತಾನಾಗೇ ಎದ್ದು ಬಂದವ್ನೆ. ಇನ್ನು ಅಲ್ಲಿ ಹಾರೆ ಹಾಕೋಕಾಗುತ್ತಾ?”

ಯಾರೂ ಆಗುತ್ತದೆ ಅನ್ನಲಿಲ್ಲ. ದೇವರು ಎದ್ದ ನೆಲವನ್ನು ದೇವರಿಗೇ ಬಿಡುವುದು ನಮ್ಮ ಕಡೆಯ ಪದ್ಧತಿ. ಶನಿವಾರ ಗುಡಿಯ ಮುಂದೆ ಪಂಚಾಯ್ತಿ ಸೇರಿಸಿ ಆ ಹೊಲವನ್ನು ಗುಡಿಗೆ ಬಿಡುವುದು, ಸೊಣ್ಣಮ್ಮನಿಗೆ ಬದಲಿಯಾಗಿ ಬಂಡೆಯ ಪಕ್ಕದ ತುಂಡು ಕೊಡುವುದು ಎಂದು ಅಲ್ಲೇ ಮಾತಾಯಿತು. ಆ ತುಂಡಿನಲ್ಲಿ ಹುರುಳಿಯೂ ಸರಿಯಾಗಿ ಬೆಳೆಯುತ್ತಿರಲಿಲ್ಲ. ಗಂಡ ಸತ್ತ ಮೇಲೆ ಆ ಹೆಂಗಸು ಇದ್ದದ್ದನ್ನೆಲ್ಲ ಆ ಬಾವಿಗೆ ಸುರಿದಿದ್ದಳು.

ನನಗೆ ಅನುಮಾನ ಬಂತು. ಅದು ಅಲ್ಲೇ, ಆ ಗಳಿಗೆಯಲ್ಲೇ ಬಂತು ಎಂದು ಹೇಳಲು ಧೈರ್ಯವಿಲ್ಲ. ಬಹುಶಃ ಊಟ ಮಾಡುವಾಗ ಬಂದಿರಬೇಕು. ಸೊಣ್ಣಮ್ಮನ ಹೊಲದ ಕೆಳಮಗ್ಗುಲಿಗೇ ಪಟೇಲರ ತೆಂಗಿನ ತೋಟ. ಮೇಲೆ ಬಾವಿ ಬಿದ್ದರೆ ಕೆಳಗಿನ ಬಾವಿಯ ನೀರು ಇಳಿಯುತ್ತದೆಂದು ಅವರೇ ಎಷ್ಟೋ ಸಲ ಗೊಣಗಿದ್ದರು. ಈಗ ಸರಿಯಾಗಿ ನೀರು ಬರುವ ಹೊತ್ತಿಗೆ ದೇವರು ಬಂದಿದ್ದ. ಆದರೆ ಆ ಅನುಮಾನವನ್ನು ಬಾಯಿಬಿಟ್ಟು ಆಡುವ ಸ್ಥಿತಿ ನನ್ನದಾಗಿರಲಿಲ್ಲ. ನಾನು ಇದ್ದದ್ದು ಪಟೇಲರ ಮನೆಯ ಪಕ್ಕದ ಕೋಣೆಯಲ್ಲಿ. ಉಣ್ಣುತ್ತಿದ್ದದ್ದು ಅವರ ಮನೆಯ ಮುದ್ದೆ.

ಮರುದಿನ ಬೆಳಿಗ್ಗೆ ಸೊಣ್ಣಮ್ಮ ಶಾಲೆಯ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ.

“ನೀವು ಬೆಂಗ್ಳೂರಲ್ಲಿ ಕಲ್ಲಿನ ವಿದ್ಯೆ ಓದಿದೀರಂತೆ. ಹೇಳಿ ಮೇಷ್ಟ್ರೆ, ನನ್ ಬಾವೀಲಿ ದೇವ್ರು ಹುಟ್ತಾನಾ?”

“ವಿದ್ಯೆ ಏನಿಲ್ಲಮ್ಮ. ಸಂಜೆ ಹೊತ್ತು ಒಂದಿಷ್ಟು ಪಾಠ ಕೇಳಿದ್ದೆ, ಅಷ್ಟೇ.”

“ಕೇಳಿದ್ದಷ್ಟನ್ನೇ ಹೇಳಿ. ನಾನೇನು ಅದಕ್ಕಿಂತ ಜಾಸ್ತಿ ಕೇಳ್ತಾ ಇಲ್ವಲ್ಲ.”

ನಾನು ದೊಡ್ಡಬಳ್ಳಾಪುರದ ನೇಯ್ಗೆಯವರ ಮನೆಯವನು. ಚಿಕ್ಕಪೇಟೆಯ ಜವಳಿ ಅಂಗಡಿಯಲ್ಲಿ ಹಗಲು ದುಡಿದು ಸಂಜೆ ಪಾಠಶಾಲೆಗೆ ಹೋಗುತ್ತಿದ್ದೆ. ಅಲ್ಲಿ ಒಬ್ಬ ಮೇಷ್ಟ್ರು ಚೀಲದ ತುಂಬ ಕಲ್ಲು ತರುತ್ತಿದ್ದರು. ನೀರಿನ ಅಡಿಯಲ್ಲಿ ಮಣ್ಣು ಪದರ ಪದರವಾಗಿ ಕೂರುತ್ತದೆ, ಕೆಳಗಿನದು ಹಳೆಯದು, ಮೇಲಿನದು ಹೊಸದು. ಅದರಲ್ಲಿ ಸತ್ತು ಹೂತ ಜೀವಗಳ ಗುರುತು ಕಲ್ಲಾಗಿ ಉಳಿಯುತ್ತದೆ. ಆ ಗುರುತು ಹಿಡಿದು ಭೂಮಿಗೆ ಏನೇನಾಯಿತೆಂದು ತಿಳಿಯಬಹುದು ಎನ್ನುತ್ತಿದ್ದರು. ಒಂದು ಸಂಜೆ ಸಾಲಿಗ್ರಾಮವನ್ನೇ ತಂದು, ಇದೂ ಒಂದು ಕಾಲಕ್ಕೆ ಸಮುದ್ರದಲ್ಲಿ ಈಜಿದ ಚಿಪ್ಪಿನ ಪ್ರಾಣಿ, ಹಿಮಾಲಯವಿರುವ ಜಾಗದಲ್ಲಿ ಆಗ ಸಮುದ್ರವಿತ್ತು, ಆ ಬೆಟ್ಟದಿಂದ ಇಳಿಯುವ ಗಂಡಕೀ ನದಿ ಇದನ್ನು ಉರುಳಿಸಿ ತರುತ್ತದೆ ಎಂದರು. ಕೇಳುತ್ತಿದ್ದವರಲ್ಲಿ ಒಬ್ಬರು ಸಿಟ್ಟಾಗಿ ಎದ್ದು ಹೋದರು. ನಮ್ಮ ಮೈಸೂರು ಸೀಮೆಯ ಬಂಡೆ ಮಾತ್ರ ಭೂಮಿಯಲ್ಲಿ ಹುಳುವೂ ಹುಟ್ಟದ ಕಾಲದ್ದು, ಕಾದು ಬೆಂದು ಗಟ್ಟಿಯಾದದ್ದು, ಅದನ್ನು ಎಷ್ಟು ಒಡೆದರೂ ಒಂದು ನೊಣದ ಕಾಲೂ ಸಿಗುವುದಿಲ್ಲ ಎಂದೂ ಆ ಮೇಷ್ಟ್ರು ಅಂದಿದ್ದರು. ಇದಿಷ್ಟು ನನಗೆ ನೆನಪು. ಆ ಪಾಠಗಳಲ್ಲಿ ನಾನು ಎಷ್ಟೋ ಸಲ ತೂಕಡಿಸಿದ್ದೇನೆ, ಅದೂ ನೆನಪಿದೆ.

ನೆನಪು ಸರಿಯಿದ್ದರೆ, ಆ ಕಲ್ಲು ಸೊಣ್ಣಮ್ಮನ ಬಾವಿಯಲ್ಲಿ ಹುಟ್ಟಿರಲು ಸಾಧ್ಯವಿಲ್ಲ. ಹಾಗಾದರೆ ಯಾರೋ ತಂದು ಹಾಕಿದ್ದಾರೆ.

ಸಂಜೆ ಪಟೇಲರ ಜಗಲಿಯಲ್ಲಿ ಕಲ್ಲಿನ ಹತ್ತಿರ ಕೂತೆ. ಮುಟ್ಟಲಿಲ್ಲ. ಬಾಗಿ ನೋಡಿದೆ. ಸುರುಳಿಯ ಸಂದಿನಲ್ಲಿ ಕಪ್ಪು ಮಣ್ಣು ಮೆತ್ತಿಕೊಂಡಿತ್ತು. ಆ ಮಣ್ಣಿನಲ್ಲಿ ಸಾಸಿವೆಯಷ್ಟು ಬೆಳ್ಳಗಿನ ಏನೋ ಒಂದು ಚುಕ್ಕೆ.

“ಏನ್ ಅಷ್ಟೊಂದು ನೋಡ್ತಾ ಇದೀರಿ?” ಪಟೇಲರು ಬಾಗಿಲಲ್ಲಿ ನಿಂತಿದ್ದರು.

“ಏನಿಲ್ಲ. ಇದನ್ನ ಇನ್ನೂ ತೊಳೆದಿಲ್ಲವಾ ಅಂತ.”

“ಶನಿವಾರ ಅಭಿಷೇಕ ಇದೆಯಲ್ಲ, ಆಗ ತೊಳೀತಾರೆ.” ಅವರು ಬಂದು ಬಾಳೆಲೆ ಸಮೇತ ಕಲ್ಲನ್ನು ಎತ್ತಿಕೊಂಡರು. “ದೇವ್ರನ್ನ ಹಂಗೆ ದುರುಗುಟ್ಕೊಂಡು ನೋಡ್ಬಾರ್ದು ಮೇಷ್ಟ್ರೆ. ಊಟಕ್ಕೇಳಿ.”

ಮುದ್ದೆ ಮುರಿಯುತ್ತ ಆ ಮಣ್ಣಿನ ಬಗ್ಗೆಯೇ ಯೋಚಿಸಿದೆ. ಬಾವಿಯ ಸುತ್ತ ರಾಶಿ ಬಿದ್ದಿದ್ದದ್ದು ಕೆಂಪು ಮಣ್ಣು, ಬಿಳಿ ಗರಸು. ಕಪ್ಪು ಮಣ್ಣು ಎಲ್ಲಿಂದ ಬಂತು? ಪಟೇಲರ ಹಿತ್ತಲಿನ ಗಾಡಿಯ ಚಕ್ರಗಳಿಗೆ ಕಪ್ಪು ಮಣ್ಣು ಒಣಗಿ ಅಂಟಿದ್ದನ್ನು ಕೈ ತೊಳೆಯುವಾಗ ನೋಡಿದೆ. ಮತ್ತೆ ನೋಡಲಿಲ್ಲ.

ಮಾರನೆಯ ದಿನ ಶಾಲೆ ಬಿಟ್ಟವನೇ ಬಾವಿಯ ಹತ್ತಿರ ಹೋದೆ. ಬಾವಿ ತೋಡುವ ಆವಲಪ್ಪ ಅಂಚಿನಲ್ಲಿ ಕೂತು ಬೀಡಿ ಸೇದುತ್ತಿದ್ದ. ಕಲ್ಲು ಮೊದಲು ಸಿಕ್ಕಿದ್ದು ಅವನ ಕೈಗೇ.

“ಎಲ್ಲಿತ್ತು ಆವಲಪ್ಪ? ಬಂಡೆಯೊಳಗಾ?”

“ತಳದಲ್ಲಿತ್ತು.”

“ತಳದಲ್ಲಿ ಅಂದ್ರೆ? ಹಾರೆಯಲ್ಲಿ ಒಡೆದು ತೆಗೆದೆಯಾ, ಸುಮ್ನೆ ಬಿದ್ದಿತ್ತಾ?”

“ತಳದಲ್ಲಿತ್ತು ಅಂದ್ನಲ್ಲ ಬುದ್ಧಿ.” ಅವನು ನನ್ನ ಮುಖ ನೋಡಲಿಲ್ಲ.

“ಆಗ ಯಾರಿದ್ರು ಇಲ್ಲಿ?”

“ಪಟೇಲ್ರು ಬಂದಿದ್ರು. ಮಳೆ ಹುಯ್ದಿತ್ತಲ್ಲ, ಅವ್ರ ತೋಟ ನೋಡ್ಕೊಂಡು ಹಂಗೇ ಬಂದ್ರು.”

ಬಾವಿಗೆ ಇಳಿಯುತ್ತೇನೆ ಎಂದೆ. ಅವನು ಗೊಣಗುತ್ತಲೇ ಹಗ್ಗ ಹಿಡಿದ.

ಇಳಿಯುತ್ತ ಗೋಡೆ ನೋಡಿದೆ. ತಳದಲ್ಲಿ ಗಟ್ಟಿ ಬಂಡೆ. ಅದರ ಮೇಲೆ ಕೈಯಲ್ಲೇ ಉದುರುವ ಕೊಳೆತ ಕಲ್ಲು. ಅದರ ಪಟ್ಟೆಗಳು ಬಂಡೆಯ ಪಟ್ಟೆಗಳಿಗೇ ಸೇರಿಕೊಂಡಿದ್ದವು. ಅದರ ಮೇಲೆ ಗರಸು, ಅದರ ಮೇಲೆ ಕೆಂಪು ಮಣ್ಣು. ಕೆಳಗಿನ ಬಂಡೆಯೇ ಕಾಲಕಾಲಕ್ಕೆ ಸವೆದು, ಕೊಳೆತು ಮೇಲಿನ ಮಣ್ಣಾಗಿದ್ದನ್ನು ಕಣ್ಣಾರೆ ಕಂಡ ಹಾಗಾಯಿತು. ಎಲ್ಲಕ್ಕಿಂತ ಮೇಲೆ, ಅಂಚಿನ ಹತ್ತಿರ, ಒಂದು ಗೇಣು ಕಪ್ಪು ಮಣ್ಣಿನ ಪದರ. ಅದು ಬೇರೆ ಯಾವುದರ ಜೊತೆಗೂ ಬೆರೆತಿರಲಿಲ್ಲ, ಕತ್ತರಿಸಿ ಇಟ್ಟ ಹಾಗಿತ್ತು. ಕೆದಕಿದೆ. ಒಳಗೆ ಬೆಳ್ಳಗಿನ ಸಣ್ಣ ಸಣ್ಣ ಚಿಪ್ಪುಗಳು. ನೀರಿನ ಬಸವನಹುಳುವಿನವು.

ಈ ಎತ್ತರದ ಹೊಲದಲ್ಲಿ ನೀರಿನ ಹುಳು! ಸಂಜೆ ಪಾಠದ ಮಾತು ಕಿವಿಯಲ್ಲಿ ಗುಂಯ್ ಎಂದಿತು. ಹಿಂದೊಂದು ಕಾಲಕ್ಕೆ ಇಲ್ಲಿ ಕೆರೆಯಿತ್ತು. ಕಲ್ಲಿನ ಸಂದಿನಲ್ಲಿದ್ದದ್ದೂ ಇದೇ ಮಣ್ಣು, ಇದೇ ಚಿಪ್ಪು. ಅಲ್ಲಿಗೆ ಕಲ್ಲು ಇದ್ದದ್ದು ಮೇಲಿನ ಪದರದಲ್ಲಿ, ಮೂರಾಳು ಕೆಳಗಲ್ಲ. ಪಟೇಲರು ಹೊರಗಿಂದ ತಂದು ಹಾಕಿದ್ದೋ, ಇಲ್ಲೇ ಮೇಲಿದ್ದದ್ದನ್ನು ತಳಕ್ಕೆ ಬೀಳಿಸಿದ್ದೋ ನನಗೆ ತಿಳಿಯಲಿಲ್ಲ. ಏನೋ ಒಂದು ಮಾಡಿದ್ದಾರೆ ಅನ್ನಿಸಿತು.

ಶನಿವಾರ ಗುಡಿಯ ಮುಂದೆ ಎಲ್ಲರೂ ಸೇರಿದರು. ಅಭಿಷೇಕ ಮುಗಿದು ಕಲ್ಲು ಹೊಳೆಯುತ್ತಿತ್ತು. ಪಟೇಲರು ಮಾತು ಮುಗಿಸಿ, “ಯಾರದ್ದಾದರೂ ತಕರಾರು ಉಂಟಾ?” ಅಂದರು. ಸೊಣ್ಣಮ್ಮ ಕಂಬದ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು.

ಎದ್ದು ನಿಂತೆ. “ಆ ಕಲ್ಲು ಬಾವಿಯ ತಳದ್ದಲ್ಲ,” ಅಂದೆ. “ನಮ್ಮ ನೆಲದ ಬಂಡೆಯಲ್ಲಿ ಅಂಥದ್ದು ಹುಟ್ಟೋದಿಲ್ಲ. ಸಂದಿಯಲ್ಲಿದ್ದ ಮಣ್ಣು ಮೇಲಿನ ಕಪ್ಪು ಪದರದ್ದು.”

“ಅಂದ್ರೆ?” ಪಟೇಲರ ಧ್ವನಿ ಗಟ್ಟಿಯಾಯಿತು. “ನಾನೇ ತಂದು ಎತ್ತಾಕ್ದೆ ಅಂತೀರಾ? ನನ್ ಮನೇಲಿ ಉಂಡು?”

“ಹಾಗನ್ನಲಿಲ್ಲ...” ಹೌದು ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಹೆದರಿಕೆಯಿಂದಲೋ ಏನೋ, ಬೇರೆ ಮಾತು ಬಂತು. “ಆ ಹೊಲದಲ್ಲಿ ಹಿಂದೊಂದು ಕಾಲಕ್ಕೆ ಕೆರೆಯಿತ್ತು. ಮೇಲಿನ ಮಣ್ಣಲ್ಲಿ ನೀರಿನ ಬಸವನಹುಳುವಿನ ಚಿಪ್ಪಿದೆ, ನಾನೇ ನೋಡಿದೆ. ಕಲ್ಲು ಆ ಕೆರೆಯದ್ದು.”

ಗುಂಪಿನಲ್ಲಿ ನಗು ಎದ್ದಿತು.

“ಅಯ್ಯೋ ಮೇಷ್ಟ್ರೆ!” ಮುದುಕ ಅಪ್ಪಯ್ಯಣ್ಣ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. “ಆ ಕೆರೆ ಗಾಡೀಲಿ ಬಂದಿದ್ದು ಕಣಪ್ಪಾ! ಬ್ಯಾಸ್ಗೇಲಿ ಕೆರೆ ಬತ್ತಿದ್ರೆ ಗೋಡು ತುಂಬ್ಕೊಂಡು ಹೊಲಕ್ಕೆ ಹೊಡೀತೀವಿ, ಗೊಬ್ರಕ್ಕೆ. ಮಗ್ಗದ ಗುಣೀಲಿ ಕಾಲಿಟ್ಕೊಂಡು ಬೆಳೆದೋರ್ಗೆ ಇದೆಲ್ಲ ಹೆಂಗೆ ಗೊತ್ತಾಗ್ಬೇಕು?”

ಊರವರೆಲ್ಲ ಪ್ರತಿ ಬೇಸಿಗೆ ಕೆರೆಯ ಹೂಳನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಆ ಊರಿಗೆ ಬಂದು ಒಂದು ಬೇಸಿಗೆಯನ್ನೂ ನೋಡಿರದ ನಾನು ಅದನ್ನು ಯುಗಗಳ ಹಿಂದಿನ ಕೆರೆ ಮಾಡಿದ್ದೆ.

“ನಮ್ ಯಜಮಾನ್ರು ಹೊಡ್ಸಿದ್ದು,” ಸೊಣ್ಣಮ್ಮ ಕಂಬ ಬಿಟ್ಟು ಮುಂದೆ ಬಂದಳು. “ಹೋಗೋಕೆ ಮುಂಚಿನ ಬ್ಯಾಸ್ಗೇಲಿ.”

ಆಗ ಆವಲಪ್ಪ ತಲೆ ಕೆರೆದುಕೊಂಡು ಎದ್ದ. “ತೆಪ್ಪಾಯ್ತು ಬುದ್ಧಿ. ಮಳೇಗೆ ಅಂಚು ಕುಸಿದಿತ್ತು. ನಾನು ಅಂಚನ್ನ ಇಳಿಜಾರು ಕಡೀದೆ ಬಿಟ್ಟಿದ್ದೆ, ಬೈತೀರಿ ಅಂತ ಬಾಯ್ಬಿಡ್ಲಿಲ್ಲ. ಆ ಕುಸಿದ ಮಣ್ಣಲ್ಲೇ ಇತ್ತು ಕಲ್ಲು.”

ನಗು ನಿಂತಿತು. ಅಪ್ಪಯ್ಯಣ್ಣ ಏನನ್ನೋ ಲೆಕ್ಕ ಹಾಕುವವನ ಹಾಗೆ ಮುಖ ಮಾಡಿದ.

“ಹಂಗಾದ್ರೆ ಸ್ವಾಮಿ ಎದ್ದಿದ್ದು ಬಾವೀಲಲ್ಲ. ಗೋಡಲ್ಲಿ. ಗೋಡು ಬಿದ್ದಿರೋ ನೆಲ ಎಲ್ಲಾ ಸ್ವಾಮೀದೇ ಅನ್ನೋದಾದ್ರೆ...” ಅವನು ಪಟೇಲರ ಕಡೆ ತಿರುಗಿದ. “ಆ ವರ್ಷ ಎಲ್ಲಾರ್ಗಿಂತ ಜಾಸ್ತಿ ಗಾಡಿ ಹೊಡ್ಸಿದ್ದು ನಿಮ್ಮ ತೆಂಗಿನ ತೋಟಕ್ಕೇ ಅಲ್ವಾ ಪಟೇಲ್ರೆ? ಮೊನ್ನೇನೂ ಕೆರೆ ಅಂಚು ಬತ್ತಿದ ಕಡೆ ತುಂಬಿ ಹೊಡ್ಸಿದ್ರಿ.”

ಅಲ್ಲಿದ್ದ ಪ್ರತಿಯೊಬ್ಬರಿಗೂ ತಮ್ಮ ತಮ್ಮ ಹೊಲ ನೆನಪಾಗಿರಬೇಕು. ಪಟೇಲರು ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡರು. ಆಮೇಲೆ, “ಸ್ವಾಮಿ ಗುಡೀಲಿ ಇರ್ಲಿ. ಬಾವಿ ಕೆಲ್ಸ ಆಗ್ಲಿ,” ಎಂದು ಎದ್ದುಬಿಟ್ಟರು.

ಕಲ್ಲು ಕೆರೆಗೆ ಹೇಗೆ ಬಂತೆಂಬುದು ಮಂದಿ ಚದುರಿದ ಮೇಲೆ ತಿಳಿಯಿತು. ತೀರಿಹೋದ ಅರ್ಚಕರ ಹೆಂಡತಿ ಆದಿಲಕ್ಷ್ಮಮ್ಮನವರು ಗರ್ಭಗುಡಿಯ ಹೊಸ್ತಿಲಲ್ಲಿ ಕೂತು ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದರು.

“ನಮ್ಮನೆಯವ್ರ ಅಜ್ಜ ಕಾಶಿಗೆ ಹೋಗಿದ್ದಾಗ ತಂದಿದ್ದಪ್ಪ ಇದು. ನಮ್ಮನೆಯವ್ರು ಹೋದ್ಮೇಲೆ ಮನೇಲಿ ದಿನಾ ಪೂಜೆ ಮಾಡೋರಿಲ್ಲ, ನಾನು ಮುಟ್ಟೋ ಹಾಗಿಲ್ಲ. ಮಡಿಬಟ್ಟೇಲಿ ಕಟ್ಟಿ ಕೆರೆಗೆ ಬಿಟ್ಟೆ. ಯಾರಿಗಾದ್ರೂ ಕೊಡ್ಬೇಕಿತ್ತು, ಕೊಡೋಕೆ ಮನಸ್ಸಾಗ್ಲಿಲ್ಲ. ನೋಡಿ, ಗಾಡಿ ಹತ್ಕೊಂಡು ವಾಪಸ್ ಬಂದಿದಾನೆ.”

ಸಮುದ್ರದಿಂದ ಬೆಟ್ಟಕ್ಕೆ, ಬೆಟ್ಟದಿಂದ ನದಿಗೆ, ಕಾಶಿಗೆ, ನಮ್ಮ ಕೆರೆಗೆ, ಎತ್ತಿನ ಗಾಡಿಗೆ. ನಾನು ಆಕೆಗೆ ಸಮುದ್ರದ ಮಾತು ಹೇಳಲಿಲ್ಲ.

ಪಟೇಲರ ಮೇಲಿನ ನನ್ನ ಅನುಮಾನ ಸುಳ್ಳಾಯಿತು. ಅವರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಊಟಕ್ಕೆ ಕರೆಯುವುದನ್ನೂ ಬಿಡಲಿಲ್ಲ. ಕರೆಯುವಾಗ ಮಾತ್ರ ‘ಮೇಷ್ಟ್ರೆ’ ಎನ್ನುತ್ತಿರಲಿಲ್ಲ.

ಯುಗಾದಿಗೆ ಮುಂಚೆ ಸೊಣ್ಣಮ್ಮನ ಬಾವಿಯಲ್ಲಿ ಬಂಡೆಯ ಬಿರುಕಿನಿಂದ ನೀರು ಚಿಮ್ಮಿತು. ಅವಳು ಮೊದಲ ಕೊಡವನ್ನು ಗುಡಿಗೆ ಹೊತ್ತಳು, ಎರಡನೆಯದನ್ನು ಶಾಲೆಗೆ ತಂದು ಮಡಕೆಗೆ ಸುರಿದಳು. ನೀರು ಇನ್ನೂ ಬಗ್ಗಡವಾಗಿತ್ತು. ಆದರೂ ಕುಡಿದೆ.

ಆ ಸಂಜೆ ತೋಟದ ಹಾದಿಯಲ್ಲಿ ಬರುವಾಗ ಪಟೇಲರು ತಮ್ಮ ಬಾವಿಯ ಕಟ್ಟೆಯ ಮೇಲೆ ಬಾಗಿ ನಿಂತಿದ್ದು ಕಂಡಿತು. ಕೈಯಲ್ಲಿದ್ದ ಬೆಣಚುಕಲ್ಲನ್ನು ಒಳಗೆ ಬಿಟ್ಟು, ನೀರು ಎಷ್ಟು ಆಳಕ್ಕಿದೆಯೆಂದು ಕಿವಿಗೊಟ್ಟರು. ನಾನೂ ನಿಂತು ಕಿವಿಗೊಟ್ಟೆ. ತಡವಾಗಿ ಸದ್ದು ಬಂತೋ, ಎಂದಿನ ಹಾಗೇ ಬಂತೋ ನನಗೆ ತಿಳಿಯಲಿಲ್ಲ. ಅವರು ತಲೆಯೆತ್ತಿ ನನ್ನನ್ನು ನೋಡಿದರು. ನೆಲದಿಂದ ಇನ್ನೊಂದು ಕಲ್ಲು ಆರಿಸಿಕೊಂಡರು.