ವಾಲ್ವಿಗೆ ಹಚ್ಚಿದ ವಿಭೂತಿ

"ಇದರಲ್ಲಿ ಮೊದಲ ದನಿ ನಿಂದೇ ಕಣಮ್ಮಾ. ನೀನು ಹಾಡೋವರೆಗೂ ಇದರ ಬಾಯಿ ಬಿಡಿಸಲ್ಲ."

ಸಂಗಮೇಶ್ ಮಗಳಿಗೆ ಹೀಗೆ ಮಾತು ಕೊಟ್ಟಾಗ ಸ್ಪೂರ್ತಿ ಒಂದನೇ ಕ್ಲಾಸು. ಅವನು ಮನೆಯಲ್ಲೇ ಕಟ್ಟಲು ಹೊರಟಿದ್ದ ಆಂಪ್ಲಿಫೈಯರ್ ಎನ್ನಲು ಆಗ ಇದ್ದದ್ದು ತೂತು ಕೊರೆದ ಒಂದು ಅಲ್ಯುಮಿನಿಯಂ ತಗಡು ಮಾತ್ರ. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು, ಶಾಲೆಯಲ್ಲಿ ಕಲಿತ ವಚನವನ್ನು ತೂತಿನೊಳಕ್ಕೇ ಹಾಡಿ, "ಬಂತಾ ಅಪ್ಪಾ?" ಎಂದು ಕೇಳಿದ್ದಳು.

ಈಗ ಅವಳು ಬಿ.ಕಾಂ. ಓದುತ್ತಿದ್ದಾಳೆ. ಆ ತಗಡಿನ ಮೇಲೆ ಒಂದೊಂದಾಗಿ ಎಲ್ಲವೂ ಬಂದು ಕೂತಿದ್ದವು. ಹಳೇ ರೇಡಿಯೋಗಳಲ್ಲಿ ಕೆಂಪಗೆ ಉರಿಯುತ್ತಿದ್ದಂಥ ಗಾಜಿನ ವಾಲ್ವುಗಳು ಗುಜರಿಯಿಂದ ಬಂದಿದ್ದವು. ಟ್ರಾನ್ಸ್‌ಫಾರ್ಮರನ್ನು ಸಂಗಮೇಶ್ ತಾನೇ ಸುತ್ತಿದ್ದ. ಪೀಣ್ಯದ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಅವನದು ಟೆಸ್ಟಿಂಗ್ ಕೆಲಸ. ಶಿಫ್ಟು, ಓಟಿ, ಮಾಕಳಿಯ ಮನೆಗೆ ಬರುವಷ್ಟರಲ್ಲಿ ಬೆನ್ನು ಹಿಡಿದಿರುತ್ತಿತ್ತು. ಉಳಿದ ಭಾನುವಾರಗಳಲ್ಲಿ ಅರ್ಧ ನಿದ್ದೆಗೆ, ಅರ್ಧ ಈ ಬೆಸುಗೆಗೆ. ಮಗಳು ಬೆಳೆದದ್ದು ಆ ಬೆಸುಗೆಯ ಹೊಗೆಯ ಆಚೆ ಬದಿಯಲ್ಲಿ.

ಮಗಳನ್ನು ಕರೆದು ತೋರಿಸಲು ಹೋಗಿ ಅವನು ಹಿಂದೆ ಸೋತಿದ್ದುಂಟು. ಹೊಸ ಸೆಟ್ಟಿಗೆ ನೇರವಾಗಿ ಕರೆಂಟು ಕೊಡಬಾರದು, ನಡುವೆ ಒಂದು ಬಲ್ಬನ್ನು ಸಿಕ್ಕಿಸಿ ಕೊಡಬೇಕು. ಬಲ್ಬು ಮಂಕಾಗಿ ಉರಿದರೆ ಎಲ್ಲ ಸರಿ, ಧಗ್ಗನೆ ಉರಿದರೆ ಒಳಗೆಲ್ಲೋ ಶಾರ್ಟು. ಮೊದಲ ಸಲ ಬಲ್ಬು ಧಗ್ಗನೆ ಉರಿದಿತ್ತು. ಪುಟ್ಟ ಸ್ಪೂರ್ತಿ ಗೆದ್ದೆವೆಂದು ಚಪ್ಪಾಳೆ ತಟ್ಟಿದ್ದಳು. ಅದು ಸೋಲು ಎಂದು ಅವಳಿಗೆ ತಿಳಿಸಿ ಹೇಳುವುದೇ ಅವನಿಗೆ ಕಷ್ಟವಾಗಿತ್ತು. ಇನ್ನೊಂದು ಸಲ ಸ್ಪೀಕರು ಗುಂಯ್ ಎಂದು ಮೊರೆದು ಅವಳು ಕಿವಿ ಮುಚ್ಚಿಕೊಂಡಳು. ಹೈಸ್ಕೂಲಿಗೆ ಬಂದ ಮೇಲೆ, "ಪೂರ್ತಿ ಆದ್ಮೇಲೆ ಕರಿ ಅಪ್ಪಾ" ಅಂದಳು. ಹಾಡುವುದನ್ನೂ ಬರಬರುತ್ತಾ ಬಿಟ್ಟಳು.

ಈ ಸಲ ಆಯುಧಪೂಜೆಗೆ ಮುಂಚೆ ಸೆಟ್ಟು ಪೂರ್ತಿಯಾಗಿ, ಸಂಗಮೇಶನೇ ಕೇಳಿದ್ದ. "ಒಂದೇ ಒಂದು ವಚನ. ಆಮೇಲೆ ಕೇಳಲ್ಲ."

"ಗಂಟಲು ಎಲ್ಲಿದೆ ಅಪ್ಪಾ ಈಗ," ಎಂದಿದ್ದಳು. ಆದರೂ ಎರಡು ದಿನದಿಂದ ಬಚ್ಚಲಲ್ಲಿ ಮೆಲ್ಲಗೆ ಗುನುಗುವುದು ಕೇಳಿಸುತ್ತಿತ್ತು. ಅದನ್ನು ಕೇಳಿಯೂ ಕೇಳದವನಂತೆ ಅವನು ಪೇಪರು ಓದಿದ್ದ.

ಹಬ್ಬದ ಬೆಳಿಗ್ಗೆ ಎಲ್ಲರೂ ಕೆಳಗಿದ್ದರು. ಹೆಂಡತಿ ಸೌಮ್ಯಾ ಸ್ಕೂಟರಿಗೆ ಬಾಳೆಕಂದು ಕಟ್ಟುತ್ತಿದ್ದಳು, ಸ್ಪೂರ್ತಿ ಬೂದುಗುಂಬಳದ ತೂತಿಗೆ ಕುಂಕುಮ ತುಂಬುತ್ತಿದ್ದಳು, ಅವ್ವ ಸಿದ್ದಮ್ಮ ಹೇಳಿಕೊಡುತ್ತಿದ್ದಳು. ಮೇಲೆ ಮಹಡಿಯ ಮನೆಯಲ್ಲಿ ಸಂಗಮೇಶ್, ಎದುರಿಗೆ ಆಂಪ್ಲಿಫೈಯರ್, ಮೈಕು.

ಟೆಸ್ಟಾಗದ ಮಾಲನ್ನು ಕೊಳ್ಳುವ ಪಾರ್ಟಿಯ ಮುಂದಿಡಬಾರದು. ಕಾರ್ಖಾನೆಯಲ್ಲಿ ಹೊಸಬರಿಗೆ ಅವನೇ ಹೇಳಿ ಹೇಳಿ ಕೈಗಂಟಿದ ರೂಢಿ ಅದು. ಮಗಳ ಮುಂದೆ ಮತ್ತೆ ಬಲ್ಬು ಧಗ್ಗೆಂದರೆ? ಬಲ್ಬು ಸಿಕ್ಕಿಸಿ ಸ್ವಿಚ್ ಒತ್ತಿದ. ಬಲ್ಬು ಒಮ್ಮೆ ಬೆಳಗಿ ಮಂಕಾಯಿತು. ಅದನ್ನು ತೆಗೆದು ನೇರ ಕರೆಂಟು ಕೊಟ್ಟ. ವಾಲ್ವುಗಳೊಳಗೆ ಕೆಂಡ ಮೂಡಿತು. ಸ್ಪೀಕರಿಗೆ ಕಿವಿ ಕೊಟ್ಟ. ಮೊರೆತವಿಲ್ಲ, ಸುಸ್ ಎನ್ನುವ ಸದ್ದೂ ಇಲ್ಲ. ಇಷ್ಟೊಂದು ಮೌನವೇ ಅವನಿಗೆ ಅನುಮಾನ ತಂದಿತು. ಸತ್ತಿದೆಯೋ ಬದುಕಿದೆಯೋ? ಆ ಅನುಮಾನದಲ್ಲಿ ಕೈ ತಾನಾಗಿ ಮೈಕಿಗೆ ಹೋಯಿತು.

"ಹಲೋ. ಮೈಕ್ ಟೆಸ್ಟಿಂಗ್. ಒನ್, ಟೂ, ತ್ರೀ."

ಕೋಣೆಯ ತುಂಬ ಅವನದೇ ದನಿ ನಿಂತಿತು. ಎಷ್ಟು ಚೆನ್ನಾಗಿತ್ತೆಂದರೆ, ಏನು ಮಾಡಿಬಿಟ್ಟೆ ಎಂಬುದು ಅವನಿಗೆ ಕೂಡಲೇ ಹೊಳೆಯಲೂ ಇಲ್ಲ. ಹೊಳೆದಾಗ ಸ್ವಿಚ್ ಆರಿಸಿ, ಮೈಕನ್ನು ಮೊದಲಿದ್ದ ಹಾಗೇ ಸುತ್ತಿಟ್ಟ. ಅಷ್ಟರಲ್ಲಿ ಕೆಳಗೆ ಕುಂಬಳಕಾಯಿ ಒಡೆದ ಸದ್ದು. ಮೆಟ್ಟಿಲಲ್ಲಿ ಹೆಜ್ಜೆ ಸದ್ದು.

ಸಿದ್ದಮ್ಮ ವಿಭೂತಿ ಕಲಸಿದ ಬಟ್ಟಲು ಹಿಡಿದು ಬಂದವಳೇ ಮಿಕ್ಸಿಗೆ, ಫ್ರಿಜ್ಜಿಗೆ, ಮೊಮ್ಮಗಳ ಲ್ಯಾಪ್‌ಟಾಪಿಗೆ ಮೂರು ಬೆರಳು ಎಳೆದಳು. "ಇನ್ನ ನಿನ್ನ ಸವತಿ ಒಬ್ಬಾಕಿ ಉಳದಾಳ ನೋಡs ಸೌಮ್ಯಾ," ಎಂದು ಆಂಪ್ಲಿಫೈಯರ್ ಕಡೆ ತಿರುಗಿದಳು. "ಆಕಿಗೂ ಹಚ್ಚಿಬಿಡ್ತೀನಿ."

"ಹಚ್ಚಿ ಅತ್ತೆ, ಭಾನುವಾರ ಪೂರ್ತಿ ಅವಳದೇ ಸೇವೆ ಇವರಿಗೆ," ಎಂದಳು ಸೌಮ್ಯಾ.

ಸ್ಪೂರ್ತಿ ನಕ್ಕು ಗಂಟಲು ಸರಿಮಾಡಿಕೊಂಡಳು. ಸಂಗಮೇಶನ ಕಣ್ಣು ಅವ್ವನ ಬೆರಳುಗಳ ಮೇಲಿತ್ತು. ಒದ್ದೆ ವಿಭೂತಿ ತೊಟ್ಟಿಕ್ಕುತ್ತಿತ್ತು. ಆರಿಸಿ ಎರಡು ನಿಮಿಷವಾಗಿರಲಿಲ್ಲ, ದೊಡ್ಡ ವಾಲ್ವುಗಳು ಕಾದ ಹೆಂಚಿನಂತಿದ್ದವು. ಕೆಂಡ ಆರಿದ್ದರಿಂದ ಕಣ್ಣಿಗೆ ಗೊತ್ತಾಗುವಂತಿರಲಿಲ್ಲ. 'ಅವ್ವಾ, ಬಿಸಿ' ಎಂದರೆ ಸಾಕಿತ್ತು. ಆದರೆ ತನ್ನ ಹಾಡಿಗೆಂದೇ ಆನ್ ಮಾಡಬೇಕಾದ ಸೆಟ್ಟು ಮೊದಲೇ ಬಿಸಿ ಯಾಕಾಯಿತು ಎಂದು ಪಕ್ಕದಲ್ಲೇ ನಿಂತ ಮಗಳು ಕೇಳಿಬಿಡುತ್ತಿದ್ದಳು. ಅಷ್ಟರಲ್ಲಿ ಅವ್ವನ ಮೂರು ಬೆರಳು ದೊಡ್ಡ ವಾಲ್ವಿಗೆ ತಾಗಿದವು.

ಚುಯ್ ಎಂದಿತು. ಆಮೇಲೆ ಟಿಕ್ ಎಂಬ ಸಣ್ಣ ಸದ್ದು.

"ಯವ್ವಾ!" ಸಿದ್ದಮ್ಮ ಕೈ ಜಾಡಿಸಿದಳು. ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು. ವಾಲ್ವಿನ ನೆತ್ತಿಯಲ್ಲಿದ್ದ ಬೆಳ್ಳಿ ಬಣ್ಣ ಎಲ್ಲರ ಕಣ್ಣೆದುರೇ ಕದಡಿ, ವಿಭೂತಿಯಷ್ಟೇ ಬಿಳುಪಾಯಿತು. ಒಳಗೆ ಗಾಳಿ ಹೊಕ್ಕಿತೆಂದೇ ಅದರ ಅರ್ಥ. ಇನ್ನು ಆ ವಾಲ್ವು ಬರೀ ಗಾಜು.

"ನನ್ನ ಕೈ ಸೇದಿ ಹೋಗ್ಲಿ! ನಿನ್ನ ಇಷ್ಟು ವರ್ಸದ ಕೆಲಸಾನ ಹಾಳು ಮಾಡಿದ್ನಲ್ಲೋ ತಮ್ಮಾ..."

"ನಿಂದೇನೂ ತಪ್ಪಿಲ್ಲ ಬಿಡವ್ವಾ," ಎಂದ ಸಂಗಮೇಶ್. ಅವ್ವನ ಕಣ್ಣು ತುಂಬಿದ್ದನ್ನು ನೋಡಿಯೂ, ಅದು ಮೊದಲೇ ಕಾದಿತ್ತೆಂದು ಹೇಳಲಿಲ್ಲ.

ಸ್ಪೂರ್ತಿ ಮೆಲ್ಲಗೆ ಟ್ರಾನ್ಸ್‌ಫಾರ್ಮರಿನ ಮೇಲೆ ಅಂಗೈ ಇಟ್ಟಳು. ಮಗುವಿಗೆ ಜ್ವರ ಬಂದಿದೆಯಾ ಎಂದು ನೋಡುವ ಹಾಗೆ ಇಟ್ಟೇ ನಿಂತಳು.

"ಯಾವಾಗ ಆನ್ ಮಾಡಿದೆ ಅಪ್ಪಾ?"

"...ನೀವೆಲ್ಲ ಕೆಳಗಿದ್ರಲ್ಲ, ಆಗ."

"ಸೌಂಡ್ ಬಂತಾ?"

"ಬಂತು."

"ಏನಂದೆ?"

"ಹಲೋ ಅಂದೆ."

"ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ?"

"ಹ್ಞೂಂ."

ಅವಳ ತುಟಿಯಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು. ಸಿಟ್ಟು ಮಾಡಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಸೆಟ್ಟು ಸೋತ್ರೂ ಪರವಾಗಿಲ್ಲ, ಹಾಡ್ತೀನಿ ಅಂತ ನಾನು ಇದ್ದೆ ಅಪ್ಪಾ," ಎಂದಳು. ಆಮೇಲೆ ಅಜ್ಜಿಯ ಕಡೆ ತಿರುಗಿ, "ಅಳಬೇಡ ಅಜ್ಜಿ, ಅದು ಮೊದಲೇ ಕಾದಿತ್ತು, ನಿನಗೇನು ಗೊತ್ತು. ಬಾ, ಬೆರಳಿಗೆ ತಣ್ಣೀರು ಹಾಕ್ತೀನಿ," ಎಂದು ಕೈ ಹಿಡಿದು ಕರೆದುಕೊಂಡು ಹೋದಳು. ತಾನು ಹೇಳಬೇಕಾಗಿದ್ದ ಮಾತನ್ನು ಮಗಳು ಹೇಳಿದ್ದನ್ನು ಸಂಗಮೇಶ್ ನಿಂತು ಕೇಳಿಸಿಕೊಂಡ.

ದೀಪಾವಳಿಯ ಹೊತ್ತಿಗೆ ಇನ್ನೊಂದು ವಾಲ್ವು ಸಿಕ್ಕಿತು. ಸೆಟ್ಟು ಈಗ ನಡುಮನೆಯಲ್ಲಿದೆ. ಬೆಳಿಗ್ಗೆ ಸಿದ್ದಮ್ಮ ಅದರಲ್ಲೇ ವಚನ ಕೇಳುತ್ತಾಳೆ, ಯಾರ್ಯಾರೋ ಹಾಡಿದ್ದು. ಮೈಕನ್ನು ಸಂಗಮೇಶ್ ಬಹಳ ದಿನ ಅದರ ಪಕ್ಕದಲ್ಲೇ ಇಟ್ಟಿದ್ದ. ಧೂಳು ಕೂತಿತು, ಒರೆಸಿದ, ಮತ್ತೆ ಕೂತಿತು. ಬಚ್ಚಲಿನಿಂದ ಈಗ ನೀರಿನ ಸದ್ದು ಮಾತ್ರ ಬರುತ್ತದೆ.

ಮೊದಲ ದನಿ ಸ್ಪೂರ್ತಿಯದಾಗಲಿಲ್ಲ. ಸಂಗಮೇಶ್ ಕೊಟ್ಟ ಮಾತಿಗೆ ತಪ್ಪಿದ.